ಚಳಿ ಹೋದ ಮೇಲೆ ಬರುವ ಸೇಲ್

ಬಟ್ಟೆ ಅಂಗಡಿಯ ರಾತ್ರಿ ಕಾವಲುಗಾರ ಬೆಳಿಗ್ಗೆ ಮನೆಗೆ ಬಂದರೆ ಮೊದಲು ಕೇಳಿಸುವುದು ಅವನ ಕೆಮ್ಮು. ರಾತ್ರಿಯಿಡೀ ಅಂಗಡಿಯ ಗಾಜಿನ ಒಳಗೆ ರಾಶಿ ರಾಶಿ ಸ್ವೆಟರ್, ಹೊರಗೆ ಕುರ್ಚಿಯ ಮೇಲೆ ಇವನು, ಮೈಮೇಲೆ ತೆಳ್ಳನೆಯ ಅಂಗಿ! ಕೊಳ್ಳಲು ದುಡ್ಡಿಲ್ಲ ಎಂದಲ್ಲ. ದೊಡ್ಡ ಸೇಲ್ ಬರಲಿ ಎಂದು ಹಟ ಹಿಡಿದಿದ್ದ.

ಅಂದು ಅವನ ಅಕ್ಕ ಬಂದಿದ್ದಳು. ಅದೇ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸ ಅವಳದು.

“ಇವತ್ತಾದ್ರೂ ಒಂದು ಸ್ವೆಟರ್ ತಗೊಳ್ಳೋ,” ಎಂದಳು.

“ಪೂರ್ತಿ ದುಡ್ಡು ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ? ಸೇಲಲ್ಲಿ ಅರ್ಧಕ್ಕೆ ಸಿಗುತ್ತೆ.”

“ಸಿಗುತ್ತೆ ಕಣೋ. ಯಾವಾಗ? ಚಳಿ ಗಂಟುಮೂಟೆ ಕಟ್ಟಿದ ಮೇಲೆ! ಬೇಸಿಗೆ ಬಟ್ಟೆ ಇಡೋಕೆ ಜಾಗ ಬೇಕಲ್ಲ, ಅದಕ್ಕೆ ಬೆಲೆ ಇಳಿಸ್ತಾರೆ. ನಿನ್ನ ಕೆಮ್ಮು ಕೇಳಿ ಯಾರೂ ಇಳಿಸಲ್ಲ.”

“ಹೋದ ವರ್ಷ ಸೇಲಲ್ಲೇ ತಂದಿದ್ನಲ್ಲ?”

ಒಳಗಿನಿಂದ ಹೆಂಡತಿ ಬಾಯಿ ಹಾಕಿದಳು. “ತಂದ್ರಿ, ತಂದ್ರಿ. ಆಗ ಉಳಿದಿದ್ದೇ ಸಣ್ಣ ಸೈಜು. ಹೊಟ್ಟೆ ಮೇಲೇ ನಿಂತ್ಬಿಡ್ತು. ಈಗ ಅದನ್ನ ನಿಮ್ಮ ಮಗಳು ಹಾಕ್ಕೊಂಡು ಓಡಾಡ್ತಾಳೆ!”

ಅಕ್ಕ ನಕ್ಕಳು. ಅವನೂ ನಗಲು ಹೋಗಿ, ಕೆಮ್ಮು ಒತ್ತರಿಸಿ ಬಂದು, ಗೋಡೆ ಹಿಡಿದು ಕೂತ. ಹೆಂಡತಿ ಓಡಿ ಬಂದು ಬೆನ್ನು ಸವರಿದಳು. ಪಾಪ, ಅವನದು ಜಿಪುಣತನವಲ್ಲ. ಉಳಿಸಿದ್ದು ಮನೆಗಾಗಲಿ ಎಂಬ ಆಸೆ, ಅಷ್ಟೇ.

“ಡಾಕ್ಟ್ರು ಹೇಳಿದ್ದು ಮರೆತ್ರಾ?” ಎಂದಳು ಹೆಂಡತಿ, ಕಣ್ಣು ತುಂಬಿಕೊಂಡು. “ಎದೆ ಬೆಚ್ಚಗಿಡಿ, ಇಲ್ಲಾಂದ್ರೆ ರಾತ್ರಿ ಕೆಲಸ ಬಿಡಿ ಅಂದ್ರು. ಈ ಕೆಲಸ ಹೋದ್ರೆ ನಮ್ಮ ಗತಿ ಏನು?”

ಅವನು ಸುಧಾರಿಸಿಕೊಂಡು ಅಕ್ಕನ ಮುಖ ನೋಡಿದ. “ಹಾಗಾದ್ರೆ ಸೇಲೇ ಬೇಡ ಅಂತೀಯಾ?”

“ಯಾರು ಬೇಡ ಅಂದ್ರು? ಮಗಳು ಬೆಳೀತಾಳೆ. ಮುಂದಿನ ಚಳಿಗೆ ಅವಳಿಗೊಂದು ದೊಡ್ಡ ಸೈಜಿಂದು ಸೇಲಲ್ಲಿ ತಗೋ. ಅದಕ್ಕೆ ಅವಸರ ಇಲ್ಲ. ಅವಸರ ಇರೋದು ನಿನ್ನ ಎದೆಗೆ, ತಮ್ಮಾ.”

ಅವನು ಮೆಲ್ಲಗೆ ಕೇಳಿದ, “ನನ್ನ ಅಳತೇದು ಇದೆಯಾ?”

“ಈಗ ಇದೆ.”

ಸಂಜೆ ಅವನು ಬೇಗನೆ ಅಂಗಡಿಗೆ ಹೋದ. ಬೂದು ಬಣ್ಣದ್ದೊಂದು ದಪ್ಪ ಸ್ವೆಟರ್ ಆರಿಸಿದ.

“ಚೀಲಕ್ಕೆ ಹಾಕ್ಲಾ?” ಎಂದಳು ಅಕ್ಕ.

“ಬೇಡಕ್ಕಾ, ಹಾಕ್ಕೊಂಡೇ ಹೋಗ್ತೀನಿ.” ಕತ್ತಿನವರೆಗೂ ಗುಂಡಿ ಹಾಕಿಕೊಂಡು ಹೊರಗೆ ತನ್ನ ಕುರ್ಚಿಗೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ಸೇಲ್ ಬರುವುದು ಅಂಗಡಿಯ ಅನುಕೂಲ ನೋಡಿಕೊಂಡು. ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಅಳತೆ ನೋಡಿ ಸೇಲಿನಲ್ಲಿ ಕೊಳ್ಳಿ. ಇವತ್ತು ಮೈಗೆ ಬೇಕಾದದ್ದನ್ನು ಇವತ್ತೇ ಕೊಳ್ಳಿ. ನಿಮ್ಮ ಮನೆಯಲ್ಲೂ ಯಾರಾದರೂ ಸೇಲಿಗಾಗಿ ನಡುಗುತ್ತಾ ಕೂತಿದ್ದರೆ ಇದನ್ನು ಓದಿ ಹೇಳಿ. ಕೇಳದಿದ್ದರೆ ಕೈಹಿಡಿದು ಅಂಗಡಿಗೆ ಕರೆದುಕೊಂಡು ಹೋಗಿ.