ಗುಂಡಿ ಹತ್ತಿದ ಬೀರು

ಟೈಲರ್ ಮನೆಯ ಬೀರು ಮಾತಾಡುತ್ತಿತ್ತು. ಯಾರೂ ಕಿವಿ ಕೊಡುತ್ತಿರಲಿಲ್ಲ, ಅಷ್ಟೆ.

"ಕರ್ರ್..." ಅನ್ನುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ. ಹೊಲಿಗೆ ಯಂತ್ರ ಬಾಯಿಬಡುಕಿಯ ಹಾಗೆ "ಟಕಟಕಟಕ" ಅಂತ ಒದರುತ್ತಿರುವಾಗ ಬೀರುವಿನ ಗೊಣಗಾಟ ಯಾರಿಗೆ ಕೇಳಬೇಕು?

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕ ಯಂತ್ರ, ಹೊಲಿಯಲು ಕೂತವನ ಬೆನ್ನಿಗೆ ಆಳೆತ್ತರದ ಮರದ ಬೀರು. ಕೆಳಗಿನ ಮೂರು ಡ್ರಾಯರುಗಳಲ್ಲಿ ದಾರ, ಜಿಪ್ಪು, ಲಾಡಿ, ಎಲ್ಲ ಹಗುರದ ಸಾಮಾನು. ಭಾರದ ಬಟ್ಟೆ ಥಾನುಗಳೆಲ್ಲ ಬೀರುವಿನ ನೆತ್ತಿಯ ಮೇಲೆ, ಇಲಿ ಕಾಟಕ್ಕೆ ಹೆದರಿ. ಟೈಲರ್‌ಗೆ ಒಂದು ಅಭ್ಯಾಸ. ಬೆಳಿಗ್ಗೆ ಕೂರುವ ಮುಂಚೆ ಡ್ರಾಯರುಗಳನ್ನು ಎಳೆದುಬಿಡುತ್ತಿದ್ದ. ಕೆಳಗಿನದು ಪೂರ್ತಿ, ನಡುವಿನದು ಮುಕ್ಕಾಲು, ಮೇಲಿನದು ಅರ್ಧ. ತಿರುಗಿ ನೋಡದೆ ಕೈ ಚಾಚಿದರೆ ಬೇಕಾದ ದಾರ ಸಿಗಬೇಕು.

ಅವನಿಗೆ ಅದು ದಾರದ ಗೂಡು. ಅವನ ಮೂರು ವರ್ಷದ ಮಗಳಿಗೆ ಮೆಟ್ಟಿಲು.

ಮಗಳನ್ನು ಎಲ್ಲರೂ ಕರೆಯುವುದು ಗುಂಡಿ ಅಂತ. ಹುಟ್ಟಿದಾಗ ಕೋಟಿನ ಗುಂಡಿಯ ಹಾಗೆ ದುಂಡಗಿದ್ದಳಂತೆ. "ಹೆಸರಿಗೆ ಗುಂಡಿ, ಒಂದು ಕಾಜದಲ್ಲೂ ನಿಲ್ಲಲ್ಲ" ಅಂತ ಅಜ್ಜಿ ಬೈಯುತ್ತಿದ್ದಳು. ಹಾಗೆ ಬೈಯುವ ಅಜ್ಜಿಯೇ ಬಿಸ್ಕತ್ತಿನ ಡಬ್ಬ ಒಯ್ದು ಬೀರುವಿನ ಮೇಲಿಟ್ಟಿದ್ದಳು, ಮೊಮ್ಮಗಳಿಗೆ ಎಟುಕಬಾರದು ಅಂತ!

ಅವತ್ತು ನರ್ಸಕ್ಕ ಬಂದದ್ದು ಗುಂಡಿಯ ತೂಕ ನೋಡುವುದಕ್ಕೆ. "ಎಲ್ಲಿ ನಮ್ಮ ಮಹಾರಾಣಿ?" ಅಂತ ಹೊಸ್ತಿಲು ದಾಟಿದಳು. ದಾಟಿದವಳು ಹಾಗೇ ನಿಂತಳು.

ಗುಂಡಿ ನಡುವಿನ ಡ್ರಾಯರಿನ ಅಂಚಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. ಬೀರುವಿನ ಹಿಂದೆ, ಗೋಡೆಗೂ ಅದಕ್ಕೂ ನಡುವೆ, ಬೆಳಕಿನ ಗೆರೆಯೊಂದು ಕಾಣಿಸುತ್ತಿತ್ತು. ಆ ಗೆರೆ ಅಗಲವಾಗುತ್ತಿತ್ತು. ಕರ್ರ್...

ನರ್ಸಕ್ಕ ಚೀಲ ಎಸೆದು ಎರಡೂ ಕೈಯಿಂದ ಬೀರುವನ್ನು ಒತ್ತಿ ಹಿಡಿದಳು. "ಟೈಲರಣ್ಣಾ, ಮಗು! ಮೊದಲು ಮಗೂನ ಎತ್ಕೊಳ್ಳಿ!"

ಟೈಲರ್ ತಿರುಗಿ ಎತ್ತಿಕೊಂಡ. ಬೀರು "ಢಬ್" ಅಂತ ಹಿಂದಕ್ಕೆ ಕೂತಿತು. ಸದ್ದಿಗೆ ಅಡಿಗೆಮನೆಯಿಂದ ಅಜ್ಜಿ ಬಂದಳು, ಸೊಸೆಯೂ ಬಂದಳು. ವಿಷಯ ಕೇಳಿ ಅಜ್ಜಿಗೆ ನಗು.

"ಏನಮ್ಮಾ ನರ್ಸಮ್ಮ, ಊರಿಗೆಲ್ಲ ಸೂಜಿ ಚುಚ್ಚೋಳು ನೀನೇ ಹೀಗೆ ನಡುಗಿದ್ರೆ ಹೇಗೆ? ಈ ಬೀರು ಒಳಗೆ ತರೋಕೆ ನಾಲ್ಕು ಗಂಡಸರು ಉಸ್ ಉಸ್ ಅಂತ ಏದುಸಿರು ಬಿಟ್ಟಿದ್ರು. ಇವಳು ನೋಡಿದ್ರೆ ಹಿಡಿ ಮಾಂಸ. ದಿನಾ ಹತ್ತುತ್ತಾಳೆ."

"ದಿನಾನಾ?" ಅಂದಳು ನರ್ಸಕ್ಕ.

"ಹೂಂ. ನನ್ನ ಮದುವೆ ಕಾಲದ ಬೀರು. ಇವತ್ತಿನವರೆಗೂ ನಿಂತಿಲ್ವಾ?"

"ಅಜ್ಜಿ, ಬೀಳೋ ಬೀರು ಬೀಳೋ ದಿನದವರೆಗೂ ನಿಂತೇ ಇರುತ್ತೆ. ಹೋದ ತಿಂಗಳು ಆಸ್ಪತ್ರೆಗೆ ಒಂದು ಮಗೂನ ತಂದ್ರು. ಇಂಥದೇ ಬೀರು..."

ಸೊಸೆ ಗುಂಡಿಯನ್ನು ಗಂಡನ ಕೈಯಿಂದ ಕಿತ್ತುಕೊಂಡು ಎದೆಗೊತ್ತಿಕೊಂಡಳು.

ಟೈಲರ್‌ಗೆ ಮಾತ್ರ ಅಳತೆ ಕೂಡಲಿಲ್ಲ. "ಅಲ್ಲಾ ನರ್ಸಕ್ಕ, ಇಷ್ಟು ಭಾರದ್ದನ್ನ ಇಷ್ಟು ಹಗುರದ್ದು ಹೇಗೆ ಬೀಳಿಸುತ್ತೆ?"

"ದಪ್ಪ ಬಟ್ಟೆ ಕತ್ತರಿಸುವಾಗ ಕತ್ತರೀಲಿ ಅದನ್ನ ಎಲ್ಲಿಡ್ತೀರಿ? ತುದೀಲೋ, ಕೀಲಿನ ಹತ್ತಿರಾನೋ?"

"ಕೀಲಿನ ಹತ್ತಿರ. ತುದೀಲಿ ಬಲ ಸಾಲಲ್ಲ."

"ಅದೇ ಕೈ, ಅದೇ ಬಲ. ಆದ್ರೆ ಕೈ ಕೀಲಿನಿಂದ ದೂರ ಇದೆ, ಬಟ್ಟೆ ಹತ್ತಿರ ಇದೆ. ಅದಕ್ಕೇ ಸಣ್ಣ ಬಲ ದೊಡ್ಡ ಕೆಲಸ ಮಾಡುತ್ತೆ. ಈ ಬೀರುವಿಗೆ ಮುಂದಿನ ಕಾಲೇ ಕೀಲು. ಡ್ರಾಯರು ಎಳೆದಷ್ಟೂ ಗುಂಡಿ ಕೀಲಿನಿಂದ ದೂರ ನಿಂತು ತುಳೀತಾಳೆ. ಜೊತೆಗೆ ನೆತ್ತಿ ಮೇಲೆ ಥಾನು. ಭೂಮಿ ಬೀರುವನ್ನ ಯಾವಾಗ್ಲೂ ಕೆಳಕ್ಕೆ ಎಳೀತಾನೇ ಇರುತ್ತೆ. ಭಾರ ಕಾಲುಗಳ ನಡುವೆ ಇರೋತನಕ ಆ ಎಳೆತ ನಿಲ್ಲಿಸುತ್ತೆ. ಭಾರ ಮುಂಗಾಲು ದಾಟಿತೋ, ಅದೇ ಎಳೆತ ಬೀಳಿಸುತ್ತೆ."

"ಮಾತಿಗೇನು, ಮಾತು ಉದ್ದ ಬಟ್ಟೆ ಮೋಟು" ಅಂದಳು ಅಜ್ಜಿ.

"ಹಾಗಾದ್ರೆ ನಿಮ್ಮ ಕೈಯಿಂದಲೇ ಅಳೆಯೋಣ."

ನರ್ಸಕ್ಕ ಸೊಸೆಯನ್ನೂ ಗುಂಡಿಯನ್ನೂ ಹೊರಗೆ ಕಳಿಸಿದಳು. ಡ್ರಾಯರು ಮುಚ್ಚಿಸಿ, ಥಾನು ಇಳಿಸಿ, ಟೈಲರನ ಕೈಲಿ ಬೀರುವನ್ನು ಚೂರು ವಾಲಿಸಿ, ಹಿಂಗಾಲಿನ ಕೆಳಗೆ ಅವನ ಅಳತೆ ಟೇಪನ್ನೇ ಸಿಕ್ಕಿಸಿದಳು. "ಎಳೀರಿ ಅಜ್ಜಿ." ಅಜ್ಜಿ ಎಳೆದಳು. ಊಹೂಂ, ಟೇಪು ಜಗ್ಗಲಿಲ್ಲ.

"ನೋಡಿದ್ಯಾ? ಬಂಡೆ ಇದು ಬಂಡೆ!"

ಆಮೇಲೆ ಡ್ರಾಯರುಗಳನ್ನು ದಿನದ ಹಾಗೆ ಎಳೆದರು. ಥಾನುಗಳನ್ನು ಮತ್ತೆ ಮೇಲಿಟ್ಟರು. ನರ್ಸಕ್ಕ ಎರಡೂ ಕೈ ಮುಂದೆ ಚಾಚಿ, ಬೀರುವನ್ನು ತಡೆಯಲು ಸಿದ್ಧವಾಗಿ ನಿಂತಳು. ಟೈಲರ್ ನಡುವಿನ ಡ್ರಾಯರಿನ ಅಂಚಿನ ಮೇಲೆ ಅಂಗೈ ಇಟ್ಟು, ಮಗಳು ತುಳಿಯುವಷ್ಟೇ ಒತ್ತಿದ.

ಟೇಪು ಸರ್ರ್ ಅಂತ ಅಜ್ಜಿಯ ಕೈಗೆ ಬಂತು.

ಹಿಂಗಾಲು ನೆಲದ ಮೇಲೆ ಇರಲಿಲ್ಲ.

ಟೈಲರ್ ಕೈ ತೆಗೆದ. ಢಬ್. ಅಜ್ಜಿ ಕೈಯಲ್ಲಿದ್ದ ಟೇಪನ್ನು ಸುತ್ತತೊಡಗಿದಳು. "ಡಬ್ಬ ಅಲ್ಲಿಟ್ಟೋಳು ನಾನೇ" ಅಂದಳು, ಯಾರಿಗೆಂದಿಲ್ಲದೆ.

ಸಂಜೆಗೆ ಬಡಗಿ ಬಂದ. ಬೀರುವಿನ ನೆತ್ತಿಯಿಂದ ಗೋಡೆಗೆ ಎರಡು ಕಬ್ಬಿಣದ ಪಟ್ಟಿ ಹೊಡೆದು, ಗೋಡೆಯಲ್ಲಿ ಗಟ್ಟಿ ಜಾಗ ನೋಡಿ ಸ್ಕ್ರೂ ಬಿಗಿದ. ಥಾನುಗಳು ಕೆಳಗಿನ ಡ್ರಾಯರಿಗೆ ಇಳಿದವು. ದಾರ ಮೇಲಕ್ಕೆ ಹೋಯಿತು. ಬಿಸ್ಕತ್ತಿನ ಡಬ್ಬ ಅಡಿಗೆಮನೆ ಸೇರಿತು. ಟೈಲರ್ ಒಂದು ಡ್ರಾಯರು ತೆಗೆದರೆ ಅದನ್ನು ಮುಚ್ಚಿಯೇ ಇನ್ನೊಂದಕ್ಕೆ ಕೈ ಹಾಕುವುದನ್ನು ಕಲಿತ. ಅಜ್ಜಿ ಕಲಿತಿರಲಿಲ್ಲ.

ವಾರ ಕಳೆದಿರಬೇಕು. ಯಂತ್ರ "ಟಕಟಕಟಕ" ಅನ್ನುತ್ತಿತ್ತು. ನಡುವೆ ಒಂದು ಸದ್ದು.

ಕರ್ರ್...

ಯಂತ್ರ ನಿಂತಿತು. ಟೈಲರ್ ತಿರುಗಿದ. ಒಂದು ರವಿಕೆಗೆ ದಾರ ತೆಗೆದುಕೊಂಡ ಅಜ್ಜಿ ಡ್ರಾಯರುಗಳನ್ನು ಮುಚ್ಚಲು ಮರೆತಿದ್ದಳು. ಗುಂಡಿ ತೆರೆದ ಡ್ರಾಯರಿಗೆ ಎರಡೂ ಕೈ ಕೊಟ್ಟು, ಕಾಲು ನೆಲ ಬಿಟ್ಟು, ಬಾವಲಿಯ ಹಾಗೆ ಜೋತು ನಗುತ್ತಿದ್ದಳು.

ಪಟ್ಟಿ ಬಿಗಿಯಾಯಿತು. ಗೋಡೆಯಿಂದ ಚಿಟಿಕೆ ಸುಣ್ಣದ ಪುಡಿ ಉದುರಿ ಮಗುವಿನ ತಲೆ ಮೇಲೆ ಬಿತ್ತು.

ಬಿದ್ದದ್ದು ಅಷ್ಟೇ.

ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಕೂದಲಿನ ಪುಡಿ ಒರೆಸಿದಳು. ಒರೆಸುತ್ತಲೇ ಇದ್ದಳು. ಆಮೇಲೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೊರಟಳು. ಅಲ್ಲೂ ಒಂದು ಬೀರು ಇದೆ, ಆಗತಾನೆ ನಡೆಯಲು ಕಲಿತ ಒಂದು ಮಗು ಇದೆ.

ನಿಮ್ಮ ಮನೆಯಲ್ಲೂ ಇರಬಹುದು. ಬೀರು, ಪುಸ್ತಕದ ಕಪಾಟು, ಟಿವಿ ಇಟ್ಟ ಮೇಜು. ಟೇಪು ಸಿಕ್ಕಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಆ ಕೆಲಸ ಅಜ್ಜಿ ನಿಮ್ಮ ಪರವಾಗಿ ಮಾಡಿ ಮುಗಿಸಿದ್ದಾಳೆ. ಭಾರವನ್ನು ಕೆಳಗಿಡಿ. ತೆಗೆದ ಡ್ರಾಯರನ್ನು ಮುಚ್ಚಿ. ಮಗುವಿಗೆ ಆಸೆಯಾಗುವ ವಸ್ತುವನ್ನು ಎತ್ತರದಲ್ಲಿಟ್ಟು ಕರೆಯಬೇಡಿ. ಬೀರುವನ್ನು ಇವತ್ತೇ ಗೋಡೆಗೆ ಬಿಗಿಸಿ. ಭೂಮಿ ಎಳೆಯುವುದನ್ನು ನಿಲ್ಲಿಸುವುದಿಲ್ಲ, ಮಕ್ಕಳು ಹತ್ತುವುದನ್ನು ಬಿಡುವುದಿಲ್ಲ. ನಡುವೆ ನಿಲ್ಲಬೇಕಾದವರು ನೀವೇ.