ಗೋಡೆಯ ಮೇಲಿನ ಲೈಸೆನ್ಸು, ನೈಲಾಳ ಗುಂಗುರು ಕೂದಲು

ರೋಚೆಸ್ಟರ್‌ನ ನಮ್ಮ ಕಪ್ಪು ಜನರ ಬೀದಿಯಲ್ಲಿ ಹೆಣ್ಣುಮಕ್ಕಳ ಬಿಗಿ ಗುಂಗುರು ಕೂದಲು ಬಾಚುವುದೆಂದರೆ ಅರ್ಧ ದಿನದ ಕೆಲಸ. ಬಸ್ ಓಡಿಸುವ ರೋಶೆಲ್‌ಗೆ ಆ ಶನಿವಾರ ಅಷ್ಟು ಬಿಡುವಿರಲಿಲ್ಲ. ಮರುದಿನ ಚರ್ಚಿನಲ್ಲಿ ಒಂಬತ್ತು ವರ್ಷದ ಮಗಳು ನೈಲಾ ಹಾಡಬೇಕಿತ್ತು. ಯಾವಾಗಲೂ ಜಡೆ ಹಾಕುವ ಹೆಂಗಸು ಊರಲ್ಲಿರಲಿಲ್ಲ. ಹಾಗಾಗಿ ರೋಶೆಲ್ ಬಸ್ ಡಿಪೊ ಪಕ್ಕದ ಸಲೂನಿಗೆ ಮಗಳನ್ನು ಕರೆದುಕೊಂಡು ಹೋದಳು. ಗೋಡೆಯ ಮೇಲೆ ಕೇಶಾಲಂಕಾರದ ಲೈಸೆನ್ಸು ಕಂಡು ಧೈರ್ಯ ಬಂತು.

ಅಲ್ಲಿ ಕೆಲಸ ಮಾಡುವ ಕೊಲೀನ್ ಒಣ ಕೂದಲಿಗೆ ಬುಡದಿಂದಲೇ ಬ್ರಷ್ ಹಾಕಿ ಎಳೆದಳು. ಕಿವಿಯ ಹಿಂದೆ ಕೂದಲು ಕಿತ್ತುಬಂತು. ನೈಲಾ ಅತ್ತಳು. ಇದು ಬಾಚುವಂಥ ಕೂದಲಲ್ಲ ಎಂದು ಕೊಲೀನ್ ಅರ್ಧಕ್ಕೇ ಕೈಬಿಟ್ಟಳು.

“ಅಮ್ಮಾ, ನನ್ ಕೂದ್ಲು ಕೆಟ್ಟದ್ದಾ?” ದಾರಿಯಲ್ಲಿ ಮಗಳು ಕೇಳಿದಳು.

ರೋಶೆಲ್ ಮಗಳೊಂದಿಗೆ ನೇರ ಪಕ್ಕದ ಮನೆಗೆ ನಡೆದಳು. ತಪ್ಪು ಸಲೂನಿನವಳದೋ, ಕೂದಲು ನೆನೆಸದೆ ಕರೆದೊಯ್ದ ತನ್ನದೋ?

ಪಕ್ಕದ ಮನೆಯ ಅರ್ಲೀನ್ ಕೇಶಾಲಂಕಾರದ ಶಾಲೆಯಲ್ಲಿ ಕಲಿಸುವವರು. ಅವರು ನೈಲಾಳ ಕೂದಲು ನೆನೆಸಿ, ಕಂಡೀಷನರ್ ಹಚ್ಚಿ, ತುದಿಯಿಂದ ಮೇಲಕ್ಕೆ ಬೆರಳಲ್ಲೇ ಸಿಕ್ಕು ಬಿಡಿಸುತ್ತ ಕೂತರು.

“ಅವ್ಳಿಗೆ ಲೈಸೆನ್ಸ್ ಇದ್ಯಲ್ಲ, ಮಿಸ್ ಅರ್ಲೀನ್. ಸುಮ್ನೆ ಕೊಡ್ತಾರಾ?” ರೋಶೆಲ್ ಕೇಳಿದಳು.

“ಅವ್ಳು ಕಲಿಯೋವಾಗ ನಮ್ಮಂಥೋರ ಕೂದ್ಲಿನ ಕೆಲ್ಸ ಯಾರೂ ಕಲಿಸಿರಲ್ಲ, ಚಿನ್ನಾ. ನಂಗೂ ಶಾಲೇಲಿ ಕಲಿಸ್ಲಿಲ್ಲ. ಅಮ್ಮನ ಕೈ ನೋಡಿ ಕಲಿತೆ.”

ಈಗ ನಮ್ಮ ರಾಜ್ಯದಲ್ಲಿ ಈ ಕೆಲಸ ಕಲಿಯುವವರಿಗೆ ಎಲ್ಲ ಬಗೆಯ ಕೂದಲಿನ ಕೆಲಸವನ್ನೂ ಕಲಿಸಲೇಬೇಕೆಂಬ ಕಾನೂನು ಬಂದಿದೆ ಎಂದರು ಅರ್ಲೀನ್. ರೋಶೆಲ್‌ಗೆ ಗೊಂದಲ ಇನ್ನೂ ಹೆಚ್ಚಿತು. ಕಾನೂನಿದ್ದರೆ ಮಗಳಿಗೆ ಹೀಗೇಕಾಯಿತು? ಕಾನೂನು ಬರುವ ಮೊದಲೇ ಲೈಸೆನ್ಸು ಪಡೆದವರು ಆ ಪಾಠ ಕಲಿತಿರಲಿಕ್ಕಿಲ್ಲ ಎಂದರು ಅವರು.

“ಹಾಗಾದ್ರೆ ಯಾರು ಕಲ್ತಿದ್ದಾರೆ ಅಂತ ಹೇಗೆ ಗೊತ್ತಾಗ್ಬೇಕು?”

“ಬಾಯಿಬಿಟ್ಟು ಕೇಳ್ಬೇಕು.”

ಭಾನುವಾರ ನೈಲಾ ಚರ್ಚಿನಲ್ಲಿ ಹಾಡಿದಳು. ಸೋಮವಾರ ರೋಶೆಲ್ ಸಲೂನಿಗೆ ಹೋಗಿ, ಇಂಥ ಕೂದಲಿನ ಕೆಲಸ ಕಲಿತಿದ್ದೀರಾ ಎಂದು ಕೇಳಿಯೇಬಿಟ್ಟಳು. ಕೊಲೀನ್‌ಳ ಮುಖ ಕೆಂಪಾಯಿತು.

“ಹತ್ತೊಂಬತ್ ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ. ನಂಗೆ ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಮಗು ಕೂದ್ಲನ್ನ ಬೈದೆ.”

ಕೊಲೀನ್ ಈಗ ಅರ್ಲೀನ್ ಅವರ ಸಂಜೆ ತರಗತಿಗೆ ಹೋಗುತ್ತಾಳೆ. ನೈಲಾ ಅವಳ ಕುರ್ಚಿಯಲ್ಲಿ ಇನ್ನೂ ಕೂತಿಲ್ಲ. ಅಮ್ಮ ಒತ್ತಾಯಿಸುವುದೂ ಇಲ್ಲ. ನೈಲಾಳ ಕಿವಿಯ ಹಿಂದೆ ಈಗ ಸಣ್ಣ ಸುರುಳಿಗಳು ಚಿಗುರಿವೆ.

ತಾಯಂದಿರೇ, ಮಗುವಿನ ತಲೆಯನ್ನು ಯಾರ ಕೈಗಾದರೂ ಕೊಡುವ ಮುಂಚೆ, ಇಂಥ ಕೂದಲಿನ ಕೆಲಸ ಎಲ್ಲಿ ಕಲಿತಿರಿ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಎದ್ದು ಬನ್ನಿ. ಸಲೂನಿನವರೇ, ಬಾರದಿದ್ದರೆ ಬಾರದು ಎನ್ನಿ, ಕಲಿಯಲು ಬನ್ನಿ. ಮಗುವಿನ ಕೂದಲನ್ನು ಮಾತ್ರ ಬೈಯಬೇಡಿ.