ಕಟ್ಟದೆ ಬಿಟ್ಟ ಬಾಜಿ

ಒದ್ದೆ ಕಲ್ಲು, ಸುಟ್ಟ ಸಿಡಿಮದ್ದು ಸೇರಿದ ವಾಸನೆ. ಡೆಲ್ಮಾ ಚಿಕ್ಕವಳಿದ್ದಾಗ ಅಪ್ಪ ತಾಮ್ರದ ಗಣಿಯಿಂದ ಮೇಲೆ ಬಂದು ಕೋಟನ್ನು ಬಾಗಿಲ ಹಿಂದೆ ನೇತುಹಾಕಿದರೆ ಅಡುಗೆಮನೆಯನ್ನೆಲ್ಲ ಅದೇ ತುಂಬುತ್ತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ, ಹಳೆಯ ಗಣಿಗಾರ ಸ್ಟೆವೋ ಎದುರಿನ ಕುರ್ಚಿಗೆ ಕೋಟು ಹಾಕಿದಾಗಲೆಲ್ಲ ಅದು ಅವಳ ಮೂಗಿಗೆ ಬಡಿದಂತಾಗುತ್ತಿತ್ತು.

"ನಾಳೆ ಮಗಳ ಮನೆಗೆ ಹೊರಟೆ," ಎಂದ ಸ್ಟೆವೋ, ಪಣದ ಬಿಲ್ಲೆ ಜೋಡಿಸುತ್ತ. ಕೈ ನಡುಗಿ ಎರಡು ಬಿಲ್ಲೆ ಉರುಳಿದವು. ಇಸ್ಪೀಟೆಲೆ ಹಂಚುವ ಕೊರೀನ್ ಬೇರೆಲ್ಲೋ ನೋಡುತ್ತಲೇ ಅವನ್ನು ಅವನತ್ತ ತಳ್ಳಿದಳು. "ಅಲ್ಲಿ ನಾನು ಚಮಚ ಎತ್ತಿದ್ರೂ ಒಬ್ರು ಓಡಿ ಬರ್ತಾರೆ. ಇವತ್ತೊಂದಿನ ಯಾರೂ ನನ್ನ ಜೋಪಾನ ಮಾಡ್ಬೇಡಿ. ಬಡಿಯೋದಿದ್ರೆ ಸರಿಯಾಗಿ ಬಡೀರಿ."

"ಹನ್ನೆರಡು ವರ್ಷದಿಂದ ಬಡೀತಾನೇ ಇದೀವಿ, ನೀನೇ ಬೀಳ್ತಿಲ್ಲ," ಎಂದ ಪಕ್ಕದ ಹಾರ್ಲನ್.

ಬ್ಯೂಟ್ ಊರಿನ ಆ ಬಾರಿನ ಹಿಂಕೋಣೆಯಲ್ಲಿ ಶನಿವಾರ ಬೆಳಿಗ್ಗೆ ಪೋಕರ್. ಶಾಲೆಯಿಂದ ನಿವೃತ್ತಳಾದ ಡೆಲ್ಮಾಗೆ ಆಟ ಕಲಿಸಿದವನು ಸ್ಟೆವೋನೇ.

ಹತ್ತೂವರೆಯ ಹೊತ್ತಿಗೆ ಅವಳಿಗೆ ಎರಡು ರಾಜ ಬಂದವು. ಅವಳು ಬಾಜಿ ಏರಿಸಿದಳು. ಸ್ಟೆವೋ ಅದರ ಮೇಲೆ ಏರಿಸಿದ. ಅವಳು ಮತ್ತೆ ಏರಿಸಿದಳು. ಮಿಕ್ಕವರು ಎಲೆ ಚೆಲ್ಲಿ ಆ ಆಟ ಬಿಟ್ಟರು. ಸ್ಟೆವೋ ಅವಳಷ್ಟೇ ಬಿಲ್ಲೆ ಹಾಕಿ ಉಳಿದುಕೊಂಡ. ಮೇಜಿನ ನಡುವೆ ಗುಡ್ಡೆ ಬೆಳೆದು, ಇಬ್ಬರ ಮುಂದೆಯೂ ಸ್ವಲ್ಪವೇ ಉಳಿಯಿತು. ಕೊರೀನ್ ಫ್ಲಾಪನ್ನು, ಇಬ್ಬರಿಗೂ ಸೇರುವ ಮೊದಲ ಮೂರು ಎಲೆಗಳನ್ನು, ಮೇಜಿನ ಮೇಲೆ ಬಿಚ್ಚಿಟ್ಟಳು. ರಾಜ, ಎಂಟು, ಮೂರು. ಡೆಲ್ಮಾಳ ರಾಜರು ಈಗ ಮೂವರು.

ಇಂಥಲ್ಲಿ ಏನು ಮಾಡಬೇಕೆಂದು ಸ್ಟೆವೋ ಹೇಳಿಕೊಟ್ಟಿದ್ದ. "ಗುಡ್ಡೆ ಆಗ್ಲೇ ದಪ್ಪ ಆಗಿರತ್ತೆ, ಟೀಚರಮ್ಮ. ಕಿರುಚ್ಬೇಡ. ಗುಡ್ಡೆಯ ಕಾಲು ಭಾಗ ಕಟ್ಟು, ಸಾಕು. ಕೈಲಿ ಏನೂ ಇಲ್ದಿದ್ರೂ ಅಷ್ಟೇ ಕಟ್ಟು. ಮಿಕ್ಕಿದ್ದು ತಾನಾಗೇ ಒಳಗೆ ಬರತ್ತೆ." ಅವಳು ಎಂದೂ ಅದನ್ನು ತಪ್ಪಿದವಳಲ್ಲ.

ಬಿಲ್ಲೆಗೆ ಕೈ ಹಾಕಿದಳು. ಎದುರಿಗೆ ಸ್ಟೆವೋ ನಡುಗುವ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ. ಈ ಗುಡ್ಡೆ ಕೈತಪ್ಪಿದರೆ ಅವನ ಕೊನೆಯ ಶನಿವಾರ ಇಲ್ಲಿಗೇ ಮುಗಿಯುತ್ತಿತ್ತು. ಡೆಲ್ಮಾ ಬಿಲ್ಲೆ ಬಿಟ್ಟು ಬೆರಳಿನಿಂದ ಮೇಜು ತಟ್ಟಿದಳು. ಬಾಜಿ ಇಲ್ಲ.

ಸ್ಟೆವೋ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ತಾನೂ ತಟ್ಟಿದ. ನಾಲ್ಕನೆಯ ಎಲೆ ಬಂತು, ಐದನೆಯದೂ ಬಂತು, ಇಬ್ಬರೂ ತಟ್ಟಿದರು. ಅವನು ಎರಡು ಗುಲಾಮ ತೋರಿಸಿದ. ಅವಳು ತನ್ನ ಗೆಲ್ಲುವ ಎಲೆಗಳನ್ನು ಬೋರಲಾಗಿಯೇ ಕೊರೀನಳತ್ತ ಸರಿಸಿ, "ನಿಂದೇ," ಎಂದಳು.

ಅವನು ಗುಡ್ಡೆ ಮುಟ್ಟಲಿಲ್ಲ. "ಏನಿತ್ತು?"

ಆ ಮೇಜಿನಲ್ಲಿ ಯಾರೂ ಕೇಳದ ಪ್ರಶ್ನೆ.

"ಎಕ್ಕ, ರಾಣಿ."

"ಎಕ್ಕ ರಾಣಿ ಇದ್ದಿದ್ರೆ ಕಾಲು ಭಾಗ ಕಟ್ತಿದ್ದೆ. ಬರೀ ದುಗ್ಗಿ ಇದ್ರೂ ಕಟ್ತಿದ್ದೆ. ಕೊನೇಗೆ ಏರಿಸಿದೋಳು ನೀನು, ಬಿದ್ದಿದ್ದು ರಾಜ. ಅಂಥ ಕಡೆ ನೀನು ಸುಮ್ನೆ ಕೂತಿದ್ದು ನಾನು ನೋಡೇ ಇಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ರಾಜ ಇತ್ತು ಅಲ್ವಾ?"

"ಹೂಂ."

"ನನ್ನ ಸರಿಯಾಗಿ ಸೋಲಿಸೋಳು ಅಂತ ಇಲ್ಲಿ ಇದ್ದಿದ್ದು ನೀನೊಬ್ಳೇ ಕಣೇ."

ಹಾರ್ಲನ್ ಕಾಫಿ ಲೋಟದೊಳಗೆ ಏನೋ ಹುಡುಕುತ್ತ ಕೂತ. ಸ್ಟೆವೋ ಕೋಟು ತೆಗೆದುಕೊಂಡು ಎದ್ದುಹೋದ. ಬಿಲ್ಲೆಗಳು ಹಾಗೇ ಹರಡಿಕೊಂಡಿದ್ದವು. ಕೊರೀನ್ ಮುಂದಿನ ಆಟಕ್ಕೆ ಹಂಚಲು ಹೋಗಿ, ಡೆಲ್ಮಾಳ ಮುಖ ನೋಡಿ, ಎಲೆಗಳನ್ನು ಇನ್ನೊಮ್ಮೆ ಕಲೆಸತೊಡಗಿದಳು. ಮೂವತ್ತು ವರ್ಷ ಯಾವ ಮಗುವಿಗೂ ಅರ್ಧ ಅಂಕವನ್ನೂ ಸುಮ್ಮನೆ ಕೊಟ್ಟವಳಲ್ಲ ಡೆಲ್ಮಾ. ಕೊಟ್ಟರೆ ಆ ಮಗುವಿಗೇ ಅವಮಾನ ಎಂದು ಗೊತ್ತಿದ್ದವಳು.

ಅವಳು, ಸ್ಟೆವೋ ಇಬ್ಬರಲ್ಲಿ ದಿನದ ದೊಡ್ಡ ಗುಡ್ಡೆ ಸೋತವರು ಮಧ್ಯಾಹ್ನದ ಊಟ ಕೊಡಿಸಬೇಕು ಎಂಬುದು ಮೊದಲಿಂದ ಬಂದ ನೇಮ. ಅವಳು ಕೈಚೀಲ ಹಿಡಿದು ಮುಂದಿನ ಕೋಣೆಯ ಕೌಂಟರಿಗೆ ಹೋದಳು.

"ಎರಡು ಪಾಸ್ಟಿ ಕೊಡಮ್ಮ."

"ಸೋತಿದ್ದು ತಾನೇ ಅಂತ ಅವ್ರು ಆಗ್ಲೇ ದುಡ್ಡು ಕೊಟ್ಟಾಯ್ತಲ್ಲ," ಎಂದಳು ಕೌಂಟರಿನವಳು.

ಸ್ಟೆವೋ ಕಿಟಕಿಯ ಬಳಿ ನಿಂತಿದ್ದ. ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಬಿಸಿ ಪಾಸ್ಟಿಯ ಕಾಗದದ ಪೊಟ್ಟಣವನ್ನು ಎರಡೂ ಕೈಗಳಲ್ಲಿ ಹಿಡಿದು, ನಡುಗದಂತೆ ಎದೆಗೆ ಒತ್ತಿಕೊಂಡು ಬಂದು, ಅವಳ ಮುಂದೆ ಚಾಚಿದ.